ತಂಡದವರೆಲ್ಲ ನನಗಿಂತ ಜೋರು: 10ಕೆ ಓಟದಲ್ಲಿ ಅವರ ಜೊತೆ ಹೊರಡಲೋ, ಹಿಂದೆಯೇ ಇರಲೋ?

ಮಲ್ಲೇಶ್ವರದ ಮುಂಜಾವು

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಬೆಂಗಳೂರಿನ ವರ್ಲ್ಡ್ 10ಕೆ ಇದೆಯಲ್ಲ, ಅದಕ್ಕೆ ನಮ್ಮ ಆಫೀಸಿನಿಂದ ನಾಲ್ಕು ನಾಲ್ಕು ಜನರ ತಂಡಗಳು ಹೋಗುತ್ತಿವೆ. ಆಫೀಸಿನೊಳಗೇ ಒಂದು ಸಣ್ಣ ಪೈಪೋಟಿ. ಗೆದ್ದ ತಂಡಕ್ಕೆ ಊಟ. ನನ್ನ ತಂಡದ ಉಳಿದ ಮೂವರೂ ಗಟ್ಟಿ ಓಟಗಾರರು. 10 ಕಿಲೋಮೀಟರಿಗೆ ಒಬ್ಬರದು 46 ನಿಮಿಷ, ಇನ್ನೊಬ್ಬರದು 49, ಮತ್ತೊಬ್ಬರದು 52. ನನ್ನದು 66. ನಾಲ್ಕನೆಯವರು ಸಿಗಲಿಲ್ಲ ಅಂತ ನನ್ನನ್ನು ಸೇರಿಸಿಕೊಂಡರು. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

52ರವರು ತುಂಬಾ ಒಳ್ಳೆಯವರು. "ಮೇಡಂ, ನೀವು ನಮ್ಮ ಜೊತೆನೇ ಹೊರಡಿ. ಆಗೋವಷ್ಟು ದೂರ ಬನ್ನಿ. ಜೊತೆಗಿದ್ದರೆ ಕಾಲು ತಾನಾಗಿ ಬರುತ್ತೆ" ಅನ್ನುತ್ತಾರೆ. ಭಾನುವಾರಗಳಂದು ಕಬ್ಬನ್ ಪಾರ್ಕಿನಲ್ಲಿ ಹಾಗೇ ಓಡುತ್ತೇವೆ. ತಿರುವು ಬಂದಾಗ ಅವರು ನನಗಾಗಿ ನಿಲ್ಲುತ್ತಾರೆ. ನಿಂತಲ್ಲೇ ಕಾಲಾಡಿಸುತ್ತಾರೆ, ನೀರು ಕುಡಿಯುತ್ತಾರೆ, ಲೇಸ್ ಬಿಗಿ ಮಾಡಿಕೊಳ್ಳುತ್ತಾರೆ. ನಾನು ಏದುಸಿರು ಬಿಡುತ್ತಾ ತಲುಪಿದ ತಕ್ಷಣ "ಬಂದ್ರಾ, ಸರಿ, ಹೋಗೋಣ" ಅಂತ ಹೊರಟುಬಿಡುತ್ತಾರೆ. ಅವರಿಗೆ ವಿಶ್ರಾಂತಿ ಸಿಕ್ಕಿತು, ನನಗೆ ಸಿಗಲಿಲ್ಲ!

ಓಟದ ದಿನ ಏನು ಮಾಡಲಿ? ಅವರ ಜೊತೆ ಹೊರಟು ಆಮೇಲೆ ಬಿಟ್ಟುಕೊಡಲೋ, ಮೊದಲಿನಿಂದಲೇ ನನ್ನ ಪಾಡಿಗೆ ಓಡಲೋ? 52ರವರು ಪೂರ್ತಿ ನನ್ನ ಜೊತೆಗೇ ಓಡುತ್ತೇನೆ ಅಂತಲೂ ಹೇಳಿದ್ದಾರೆ. ಒಪ್ಪಿಕೊಳ್ಳಲಾ?

ನಂದಿ ತಪ್ಪಲು

ಒಪ್ಪಿಕೊಳ್ಳಿ ಅಕ್ಕಾ. ಆಫೀಸ್ ಓಟ ಇರುವುದೇ ಜೊತೆಗೆ ಓಡೋಕೆ. ಫೋಟೋನೂ ಚೆನ್ನಾಗಿ ಬರುತ್ತೆ.

ಹಳೇ ಸ್ಪೈಕ್ಸ್

ಅದಕ್ಕೂ ಮುಂಚೆ ಒಂದು ಪ್ರಶ್ನೆ. ನಿಮ್ಮ ಆಫೀಸಿನ ಪೈಪೋಟಿಯಲ್ಲಿ ಲೆಕ್ಕ ಹಾಕುವುದು ಹೇಗೆ? ಎಷ್ಟೋ ತಂಡಗಳು ಇದನ್ನು ಕೇಳುವುದೇ ಇಲ್ಲ, ಎಲ್ಲರೂ ಟಿ-ಶರ್ಟ್ ಬಣ್ಣದ ಬಗ್ಗೆಯೇ ಮಾತಾಡುತ್ತಾರೆ.

ನಾಲ್ವರ ಸಮಯ ಕೂಡಿಸುತ್ತಾರಾ? ಮೊದಲ ಮೂವರದು ಮಾತ್ರವಾ? ಕೊನೆಯವರು ಗೆರೆ ದಾಟಿದಾಗ ಗಡಿಯಾರ ನಿಲ್ಲಿಸುತ್ತಾರಾ? ಅಥವಾ ಕ್ರಾಸ್ ಕಂಟ್ರಿ ಅನ್ನುವ ಬಯಲು, ಗುಡ್ಡಗಳ ಓಟದ ಹಾಗೆ ಸ್ಥಾನಗಳನ್ನು ಕೂಡಿಸಿ, ಕಡಿಮೆ ಬಂದವರು ಗೆದ್ದರು ಅನ್ನುತ್ತಾರಾ? ಒಂದೊಂದಕ್ಕೂ ಉತ್ತರ ಬೇರೆ.

ಅಮೆರಿಕದ ಕಾಲೇಜು ಕ್ರಾಸ್ ಕಂಟ್ರಿಯಲ್ಲಿ ತಂಡಕ್ಕೆ ಏಳು ಜನ ಓಡುತ್ತಾರೆ, ಐವರ ಸ್ಥಾನ ಲೆಕ್ಕಕ್ಕೆ ಬರುತ್ತದೆ. ಹಾಗಂತ ಆರನೆಯವನು, ಏಳನೆಯವನು ಸುಮ್ನೆ ಓಡುವುದಿಲ್ಲ. ಎದುರಾಳಿ ತಂಡದ ಐದನೆಯವನಿಗಿಂತ ಮುಂದೆ ಬಂದರೆ ಅವನ ಸ್ಥಾನ ಒಂದು ಕೆಳಗೆ ಇಳಿಯುತ್ತದೆ, ಆ ತಂಡದ ಮೊತ್ತ ಏರುತ್ತದೆ. ಅಂಥ ಓಟದಲ್ಲಿ ನಿಧಾನದವರು ಕೊನೆಯ 300 ಮೀಟರಿನಲ್ಲಿ ನಾಲ್ಕು ಜನರನ್ನು ಹಿಂದೆ ಹಾಕಿದರೂ ತಂಡ ಗೆಲ್ಲಬಹುದು.

ಮಲ್ಲೇಶ್ವರದ ಮುಂಜಾವು

ಎಚ್.ಆರ್. ಅವರನ್ನು ಕೇಳಿದೆ ಸರ್. ನಾಲ್ವರ ಚಿಪ್ ಸಮಯವನ್ನೂ, ಅಂದರೆ ಒಬ್ಬೊಬ್ಬರೂ ಹೊರಡುವ ಗೆರೆ ದಾಟಿದಾಗಿನಿಂದ ಮುಗಿಸುವವರೆಗಿನ ಸಮಯವನ್ನೂ, ಕೂಡಿಸುತ್ತಾರಂತೆ. ಯಾರದನ್ನೂ ಬಿಡುವುದಿಲ್ಲ.

ಹಳೇ ಸ್ಪೈಕ್ಸ್

ಹಾಗಿದ್ದರೆ ಲೆಕ್ಕ ಸುಲಭ. 46, 49, 52, 66 ಕೂಡಿದರೆ 213 ನಿಮಿಷ.

52ರವರು ನಿಮ್ಮ ಪಕ್ಕದಲ್ಲೇ ಓಡಿ, ನಿಮ್ಮಿಂದ 63 ನಿಮಿಷ ಓಡಿಸಿದರು ಅಂದುಕೊಳ್ಳೋಣ. ಮೂರು ನಿಮಿಷ ಕಡಿಮೆ ಅಂದರೆ ದೊಡ್ಡ ಸಾಧನೆ. ಆದರೆ ಅವರದೂ 63 ಆಗುತ್ತದೆ. ನೀವು 3 ನಿಮಿಷ ಉಳಿಸಿದಿರಿ, ಅವರು 11 ನಿಮಿಷ ಕಳೆದರು. ಮೊತ್ತ 221. ತಂಡಕ್ಕೆ 8 ನಿಮಿಷ ನಷ್ಟ. ಊಟ ಪಕ್ಕದ ಟೇಬಲ್ಲಿಗೆ.

ಈಗ ನಿಮ್ಮ ಮೊದಲ ಪ್ರಶ್ನೆ. 66 ನಿಮಿಷ ಅಂದರೆ ಕಿಲೋಮೀಟರಿಗೆ 6:36. 52ರವರದು 5:12. ಅವರ ಜೊತೆ ಎರಡು ಕಿಲೋಮೀಟರು ಓಡಿದರೆ ನಿಮಗೆ 2 ನಿಮಿಷ 48 ಸೆಕೆಂಡು ಉಳಿತಾಯ. ಗಡಿಯಾರ ನೋಡಿ ಖುಷಿಯಾಗುತ್ತದೆ. ಆದರೆ ಉಳಿದ ಎಂಟು ಕಿಲೋಮೀಟರು 7:10ರಲ್ಲಿ ಎಳೆದಾಡಿದರೆ ಅಲ್ಲಿ ಹೋಗುವುದು 4 ನಿಮಿಷ 32 ಸೆಕೆಂಡು. ಜೋರಾಗಿ ಶುರು ಮಾಡಿದವರು 7:10ರಲ್ಲೇ ನಿಲ್ಲುತ್ತಾರೆ ಅನ್ನುವ ಖಾತ್ರಿಯೂ ಇಲ್ಲ. ಪಕ್ಕೆ ಹಿಡಿದುಕೊಂಡು ನಡೆಯುವವರನ್ನು ಆರನೇ ಕಿಲೋಮೀಟರಿನ ಹತ್ತಿರ ನಿಂತು ನೋಡಿ. ಬಹುಪಾಲು ಜನ ಮೊದಲ ಕಿಲೋಮೀಟರಿನಲ್ಲಿ ಯಾರದೋ ಬೆನ್ನು ಹತ್ತಿದವರೇ.

ಯಾಕೆ ಹೀಗೆ ಅಂದರೆ, ಪ್ರತಿಯೊಬ್ಬರಿಗೂ ಒಂದು ವೇಗದ ಮಿತಿ ಇರುತ್ತದೆ. ಅದರ ಒಳಗೆ ಓಡುವವರೆಗೆ ದೇಹ ಖರ್ಚನ್ನು ಆಗಾಗಲೇ ಸರಿದೂಗಿಸುತ್ತದೆ. ಮಿತಿ ದಾಟಿದ ಮೇಲೆ ಜೇಬಲ್ಲಿರುವ ಚಿಲ್ಲರೆಯಿಂದ ಕೊಡಬೇಕು. ಆ ಚಿಲ್ಲರೆ ಎಲ್ಲರಿಗೂ ಸ್ವಲ್ಪವೇ. ಖಾಲಿಯಾದರೆ ಮತ್ತೆ ತುಂಬಲು ಮಿತಿಗಿಂತ ಸಾಕಷ್ಟು ಕೆಳಗೆ ಇಳಿಯಲೇಬೇಕು. ನಿಮ್ಮ ಜೊತೆಯವರಿಗೆ 5:12 ಮಿತಿಯೊಳಗೇ ಇದೆ. ನಿಮಗೆ ಅದು ದೂರದ ಮಾತು. ಇಬ್ಬರೂ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಓಡುತ್ತಿದ್ದರೂ ದೇಹ ಮಾಡುತ್ತಿರುವ ಕೆಲಸ ಬೇರೆ.

ಉಣಕಲ್ ದಂಡೆ

ಸರ, ಲೆಕ್ಕ ಬರೋಬ್ಬರಿ ಐತಿ. ಆದರೆ ಒಂದು ಮಾತು. ಜೋರು ಓಡುವವರ ಜೊತೆ ಓಡಿದರೆ ಉಪಯೋಗ ಇಲ್ಲವೇ ಇಲ್ಲ ಅಂದರೆ ಕೆನ್ಯಾದ ಮ್ಯಾರಥಾನ್ ಓಟಗಾರ ಕಿಪ್ಚೋಗೆ ಅವರಿಗೆ ಯಾಕೆ ಅಷ್ಟು ಜನ ಬೇಕಾಯಿತು? 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ವೇಗ ಹಿಡಿದುಕೊಡಲು ಜೊತೆಗೆ ಓಡುವ 41 ಜನ ಪೇಸರ್‌ಗಳು. ಒಂದು ಸಲಕ್ಕೆ ಐವರು ಮುಂದೆ, ಇಬ್ಬರು ಹಿಂದೆ. ಅವರಲ್ಲಿ ಬರ್ನಾರ್ಡ್ ಲಗಾಟ್ ಇದ್ದರು, ಇಂಗೆಬ್ರಿಗ್ಟ್‌ಸನ್ ಅಣ್ಣತಮ್ಮಂದಿರು ಇದ್ದರು. ಕಡಿಮೆ ದೂರದಲ್ಲಿ ಹೆಸರು ಮಾಡಿದವರೇ. ಜೋರು ಇದ್ದವರು ಜೊತೆಗಿದ್ದರಿಂದಲೇ ಆಯಿತಲ್ಲ?

ಅಂಕಿ ಅಂಶ

ಅಲ್ಲಿ ಪೇಸರ್‌ಗಳು ಓಡಿದ್ದು ತಮ್ಮ ವೇಗದಲ್ಲಿ ಅಲ್ಲ, ಕಿಪ್ಚೋಗೆ ಅವರ ವೇಗದಲ್ಲಿ. ಮುಂದೆ ಹೋಗುತ್ತಿದ್ದ ಕಾರು ರಸ್ತೆಯ ಮೇಲೆ ಲೇಸರ್ ಗೆರೆ ಬಿಡುತ್ತಿತ್ತು. ಕಿಲೋಮೀಟರಿಗೆ 2:50. ಜೋರು ಇದ್ದೇವೆ ಅಂತ ಯಾರೂ 2:40ಕ್ಕೆ ಹೋಗಲಿಲ್ಲ. ಮುಂಜಾವು ಅವರ ತಂಡದವರು ಹೇಳುತ್ತಿರುವುದು ಅದರ ಉಲ್ಟಾ: ನಮ್ಮ ವೇಗಕ್ಕೆ ನೀವು ಬನ್ನಿ.

ಇನ್ನು ಗಾಳಿ ತಡೆಯುವ ವಿಷಯ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಕಿಪ್ಚೋಗೆ ಅವತ್ತು ಗಂಟೆಗೆ ಸುಮಾರು 21 ಕಿಲೋಮೀಟರ್ ವೇಗದಲ್ಲಿದ್ದರು. 66 ನಿಮಿಷದ 10ಕೆ ಅಂದರೆ ಗಂಟೆಗೆ 9. ಗಾಳಿ ಬೀಸದ ದಿನ ಅವರು ಗಾಳಿಗೆ ಕೊಡುವ ಶಕ್ತಿ ಇವರದಕ್ಕಿಂತ ಹನ್ನೆರಡು ಪಟ್ಟು ಹತ್ತಿರ. ಅಂದರೆ ನಮ್ಮಂಥವರು ಯಾರದೋ ಬೆನ್ನ ಹಿಂದೆ ಅಡಗಿ ಗಳಿಸುವುದು ಬಹಳ ಕಡಿಮೆ. ಎದುರು ಗಾಳಿ ಜೋರಾಗಿದ್ದರೆ ಮಾತು ಬೇರೆ.

ಅಂದಹಾಗೆ ಆ 1:59:40 ವಿಶ್ವದಾಖಲೆ ಅಲ್ಲ. ಪೇಸರ್‌ಗಳು ಸರದಿಯಲ್ಲಿ ಒಳಗೆ ಹೊರಗೆ ಬಂದು ಹೋದರು ಅನ್ನುವುದು ಅದಕ್ಕೆ ಒಂದು ಕಾರಣ.

ಉಣಕಲ್ ದಂಡೆ

ಗಾಳಿ ವಿಷಯ ಒಪ್ಪಿದೆ. ಆದರೆ ತಲೆ ವಿಷಯ ಬಿಡುವುದಿಲ್ಲ. ಪಕ್ಕದಲ್ಲಿ ಒಬ್ಬರಿದ್ದರೆ ಗಡಿಯಾರ ನೋಡುವ, ಲೆಕ್ಕ ಹಾಕುವ ಕೆಲಸ ಅವರದು. ನಾವು ಕಾಲು ಹಾಕಿದರೆ ಸಾಕು. ಇದು ಸಣ್ಣ ಉಪಯೋಗ ಅಲ್ಲ.

ಹೆಂಗಸರ ಓಟದ ದಾಖಲೆಗಳನ್ನೇ ನೋಡಿ. ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2:15:25ಕ್ಕೆ ಓಡಿದಾಗ ಜೊತೆಗೆ ಗಂಡಸರು ಪೇಸ್ ಕೊಡುತ್ತಿದ್ದರು. 2011ರಲ್ಲಿ ಅಥ್ಲೆಟಿಕ್ಸ್ ಒಕ್ಕೂಟದವರು ಇನ್ನು ಮೇಲೆ ಅದನ್ನು ವಿಶ್ವದಾಖಲೆ ಅನ್ನುವುದಿಲ್ಲ ಅಂದರು. ಗಲಾಟೆಯಾಯಿತು, ವಾಪಸ್ ತೆಗೆದುಕೊಂಡರು. ಈಗ ರಸ್ತೆ ಓಟದಲ್ಲಿ ಹೆಂಗಸರಿಗೆ ಎರಡು ದಾಖಲೆ ಇಡುತ್ತಾರೆ. ಗಂಡಸರೂ ಇರುವ ಓಟದ್ದು ಒಂದು, ಹೆಂಗಸರದೇ ಓಟದ್ದು ಒಂದು. ಜೊತೆಗೆ ಓಡುವವರಿಂದ ಏನೂ ಆಗುವುದಿಲ್ಲ ಅಂದಿದ್ದರೆ ಎರಡು ಪಟ್ಟಿ ಯಾಕೆ ಬೇಕಿತ್ತು?

ಬಾವುಟ ಹಿಡಿದವ

ಉಣಕಲ್ ಅವರು ಹೇಳಿದ್ದು ನಿಜ. ಜೊತೆ ಬೇಕು. ಆದರೆ ಆ ಜೊತೆ ನಿಮ್ಮ ತಂಡದವರೇ ಆಗಬೇಕಿಲ್ಲ.

ನಾನು ಓಟಗಳಲ್ಲಿ ಪೇಸರ್ ಆಗಿ ಹೋಗುತ್ತೇನೆ. ಬೆನ್ನಿಗೆ ಸಮಯ ಬರೆದ ಬಾವುಟ ಕಟ್ಟಿಕೊಂಡು ಓಡುವವರನ್ನು ನೋಡಿರುತ್ತೀರಿ. ನಮ್ಮ ಕೆಲಸ ಜೋರಾಗಿ ಓಡುವುದಲ್ಲ, ಹೇಳಿದ ಸಮಯಕ್ಕೆ ತಲುಪಿಸುವುದು. ಹಾಗಾಗಿ 70 ನಿಮಿಷದ ಬಾವುಟವನ್ನು ಅದಕ್ಕಿಂತ ಎಷ್ಟೋ ಬೇಗ ಓಡಬಲ್ಲವರಿಗೇ ಕೊಡುತ್ತಾರೆ. ಮಾತಾಡುತ್ತಾ, ಹುರಿದುಂಬಿಸುತ್ತಾ, ಏರು ಬಂದಾಗ ಸ್ವಲ್ಪ ಬಿಟ್ಟುಕೊಟ್ಟು, ಇಳಿಜಾರಿನಲ್ಲಿ ವಾಪಸ್ ಪಡೆಯಬೇಕು. ಬೆಂಗಳೂರು ಸಮತಟ್ಟು ಊರಲ್ಲ. ಹಲಸೂರು ಕೆರೆ ಕಡೆಗೆ ಇಳಿದವರು ಎಂ.ಜಿ. ರಸ್ತೆ ಕಡೆಗೆ ಮತ್ತೆ ಹತ್ತಲೇಬೇಕು. ಎಲ್ಲಾ ಕಿಲೋಮೀಟರೂ ಒಂದೇ ಸಮಯಕ್ಕೆ ಬರಬೇಕು ಅಂತ ಹಟ ಹಿಡಿದರೆ ಏರಿನಲ್ಲಿ ಸುಸ್ತಾಗುತ್ತೀರಿ.

ಪೇಸರ್ ಇದ್ದರೆ ಅವರಿಗಿಂತ 20 ಮೀಟರ್ ಹಿಂದೆ ಶುರು ಮಾಡಿ. ಅವರ ಸುತ್ತ ಗುಂಪು ಮುತ್ತಿಕೊಂಡಿರುತ್ತದೆ, ಕಾಲಿಗೆ ಕಾಲು ತಗಲುತ್ತದೆ. ನೀರಿನ ಮೇಜು ಬಂದಾಗ ಎಲ್ಲರೂ ಒಂದೇ ಸಲ ಎಡಕ್ಕೆ ನುಗ್ಗುತ್ತಾರೆ. ಮೊದಲ ಮೇಜು ಬಿಟ್ಟು ಕೊನೆಯ ಮೇಜಿಗೆ ಹೋಗಿ, ಅಲ್ಲಿ ಯಾರೂ ಇರುವುದಿಲ್ಲ.

ಇನ್ನೊಂದು. ದೊಡ್ಡ ಓಟಗಳಲ್ಲಿ ಹಿಂದಿನ ಸಮಯ ನೋಡಿ ಗುಂಪು ಮಾಡಿ ಬಿಡುತ್ತಾರೆ. ನಿಮ್ಮ ತಂಡದವರ ಬಿಬ್ (ಎದೆಯ ಮೇಲಿನ ನಂಬರ್ ಚೀಟಿ) ಮುಂದಿನ ಗುಂಪಿನದಿರಬಹುದು, ನಿಮ್ಮದು ಹಿಂದಿನದು. ಸಾಮಾನ್ಯವಾಗಿ ಮುಂದಿನವರು ಹಿಂದಿನ ಗುಂಪಿಗೆ ಬರಬಹುದು, ಹಿಂದಿನವರು ಮುಂದೆ ಹೋಗುವಂತಿಲ್ಲ. ಜೊತೆಗೆ ಹೊರಡಬೇಕು ಅಂದರೆ ಅವರು ಹಿಂದಕ್ಕೆ ಬಂದು, ಸಾವಿರಾರು ಜನರನ್ನು ಬಳಸಿಕೊಂಡು ಮುಂದೆ ಹೋಗಬೇಕು. 46 ನಿಮಿಷದವರಿಗೆ ಅದು ಶಿಕ್ಷೆ. ಚಿಪ್ ಸಮಯ ಗೆರೆ ದಾಟಿದ ಮೇಲೆ ಶುರುವಾಗುತ್ತದೆ, ಅವರು ಅವರ ಗುಂಪಿನಲ್ಲಿ ಹೋದರೆ ನಿಮ್ಮ ತಂಡಕ್ಕೆ ಏನೂ ನಷ್ಟವಿಲ್ಲ.

ಅಂಕಿ ಅಂಶ

ಬಳಸಿಕೊಂಡು ಹೋಗುವುದು ಅಂದಾಗ ನೆನಪಾಯಿತು. ರಸ್ತೆ ಓಟದ ದಾರಿಯನ್ನು ಅಳೆಯುವುದು ಅತಿ ಹತ್ತಿರದ ಗೆರೆಯಲ್ಲಿ, ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ದೂರದಲ್ಲಿ. ಅದರ ಮೇಲೆ ಕಡಿಮೆ ಬೀಳದಿರಲಿ ಅಂತ ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ, 10 ಕಿಲೋಮೀಟರಿಗೆ 10 ಮೀಟರ್. ಜನರ ಮಧ್ಯೆ ಎಡಕ್ಕೆ ಬಲಕ್ಕೆ ಹೋಗುವ ನಾವು ಇನ್ನೂ ಜಾಸ್ತಿ ಓಡುತ್ತೇವೆ. ಕೈ ಗಡಿಯಾರ 10.15 ತೋರಿಸಿದರೆ ಆಶ್ಚರ್ಯವಿಲ್ಲ. ಗಡಿಯಾರದಲ್ಲಿ 6:30 ಹಿಡಿದುಕೊಂಡು 65 ನಿಮಿಷಕ್ಕೆ ಮುಗಿಸುತ್ತೇನೆ ಅಂದುಕೊಂಡವರು 65:58ಕ್ಕೆ ಬರುತ್ತಾರೆ. ಆಮೇಲೆ ದಾರಿ ಉದ್ದ ಇತ್ತು ಅಂತ ಆಯೋಜಕರನ್ನು ಬೈಯುತ್ತಾರೆ.

ಪಣಂಬೂರು ಅಲೆ

ಎಂಥ ಮಾರಾಯ್ರೇ, ಒಂದು ಆಫೀಸ್ ಓಟಕ್ಕೆ ಇಷ್ಟು ಲೆಕ್ಕವಾ! ನಂದಿ ತಪ್ಪಲು ಅವರು ಹೇಳಿದ್ದೇ ಸರಿ ಅಂತ ನನಗೆ ಕಾಣುತ್ತದೆ. ಎಂಟು ನಿಮಿಷ ಹೋದರೆ ಹೋಗಲಿ. ಊಟ ನಾವೇ ಹಾಕಿಸಿಕೊಂಡು ತಿನ್ನುವ. ಒಬ್ಬರಿಗೆ ಜೊತೆ ಬೇಕು ಅನ್ನಿಸಿದರೆ ಇನ್ನೊಬ್ಬರು ಜೊತೆಗೆ ಓಡುವುದರಲ್ಲಿ ತಪ್ಪೇನುಂಟು?

ಮಲ್ಲೇಶ್ವರದ ಮುಂಜಾವು

ನನಗೆ ಜೊತೆ ಬೇಕು ಅಂತ ನಾನು ಹೇಳಿಯೇ ಇಲ್ಲ! ಅವರೇ ಬರುತ್ತೇನೆ ಅಂದಿದ್ದು.

ಪಣಂಬೂರು ಅಲೆ

ಓ. ಹಾಗಾದರೆ ವಿಷಯ ಬೇರೆಯೇ.

ಎರಡನೇ ಗೇರ್

ನಾನು ಆ 52ರವರ ಜಾಗದಲ್ಲಿ ಇರುವವನು. ನಮ್ಮ ಗುಂಪಿನಲ್ಲಿ ನಿಧಾನ ಓಡುವವರ ಜೊತೆ ಹೋಗುವ ಕೆಲಸ ಯಾವಾಗಲೂ ನನಗೇ. ಆ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ನಿಧಾನ ಓಡುವುದು ಜೋರು ಓಡುವವರಿಗೆ ಪುಕ್ಕಟೆ ಅಲ್ಲ. ಹೆಜ್ಜೆ ಮೊಟಕಾಗುತ್ತದೆ, ಕಾಲು ನೆಲದ ಮೇಲೆ ಹೆಚ್ಚು ಹೊತ್ತು ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ನಿಮಿಷ ಜಾಸ್ತಿ ನಿಲ್ಲಬೇಕು. ಇಷ್ಟಪಟ್ಟು ಮಾಡಿದರೆ ಇದ್ಯಾವುದೂ ದೊಡ್ಡದಲ್ಲ. ಬೇಜಾರಾಗುವುದು ಬೇರೆಯದಕ್ಕೆ. ಜೊತೆಗೆ ಓಡುವವರು ಅರ್ಧ ಕಿಲೋಮೀಟರಿಗೊಮ್ಮೆ "ಸಾರಿ, ನನ್ನಿಂದ ನಿಮಗೆ ತೊಂದರೆ, ನೀವು ಹೋಗಿ, ಹೋಗಿ" ಅನ್ನುತ್ತಾರೆ. ಒಂದು ಸಲ ಸರಿ. ಹತ್ತು ಸಲ ಆದರೆ ಅವರನ್ನು ಸಮಾಧಾನ ಮಾಡುವುದೇ ನನ್ನ ಓಟವಾಗುತ್ತದೆ. ಮಾತಾಡಿ ಮಾತಾಡಿ ಅವರ ಉಸಿರೂ ಕೆಡುತ್ತದೆ.

ಎರಡನೆಯದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಜೋರು ಇರುವವರು ಪಕ್ಕದಲ್ಲಿ ಓಡುತ್ತೇನೆ ಅಂತ ಹೇಳಿ ಅರ್ಧ ಹೆಜ್ಜೆ ಮುಂದೆ ಓಡುತ್ತಾರೆ. ಭುಜ ಒಂದು ಗೇಣು ಮುಂದೆ ಇರುತ್ತದೆ. ನಿಧಾನದವರು ಅದನ್ನು ಸರಿಸಮ ಮಾಡಲು ವೇಗ ಹೆಚ್ಚಿಸುತ್ತಾರೆ, ಇವರು ಗೊತ್ತಿಲ್ಲದೆ ಮತ್ತೆ ಅರ್ಧ ಹೆಜ್ಜೆ ಮುಂದೆ. ಹೀಗೇ ಎರಡು ಕಿಲೋಮೀಟರಿನಲ್ಲಿ 6:36 ಇದ್ದದ್ದು 6:10 ಆಗಿರುತ್ತದೆ. ಯಾರಾದರೂ ನಿಮ್ಮ ಜೊತೆ ಓಡುತ್ತೇನೆ ಅಂದರೆ ಅರ್ಧ ಹೆಜ್ಜೆ ಹಿಂದೆ ಓಡಿ ಅನ್ನಿ. ಒಪ್ಪದಿದ್ದರೆ ಅವರು ನಿಮಗಾಗಿ ಓಡುತ್ತಿಲ್ಲ.

ಉಣಕಲ್ ದಂಡೆ

ಈ ಅರ್ಧ ಹೆಜ್ಜೆ ಮಾತು ನೂರಕ್ಕೆ ನೂರು ಖರೆ. ನಮ್ಮ ಕಾಕಾ ವಾಕಿಂಗಿಗೆ ಕರೆದುಕೊಂಡು ಹೋದರೂ ಹೀಗೇ ಮಾಡುತ್ತಾರೆ.

ನಂದಿ ತಪ್ಪಲು

ಹಾಗಾದರೆ ಒಂದು ಮಧ್ಯದ ದಾರಿ ಹೇಳುತ್ತೇನೆ. ಮೂವರೂ ಅವರವರ ಓಟ ಮುಗಿಸಲಿ. 46ರವರು ಮುಗಿಸುವಾಗ ಅಕ್ಕ ಏಳನೇ ಕಿಲೋಮೀಟರಿನ ಹತ್ತಿರ ಇರುತ್ತಾರೆ. ಅವರು ವಾಪಸ್ ಬಂದು ಕೊನೆಯ ಎರಡು ಕಿಲೋಮೀಟರು ಅಕ್ಕನ ಜೊತೆ ಓಡಬಹುದಲ್ಲ? ಲೆಕ್ಕವೂ ಕೆಡುವುದಿಲ್ಲ, ಜೊತೆಯೂ ಸಿಕ್ಕಿತು.

ಬಾವುಟ ಹಿಡಿದವ

ದಯವಿಟ್ಟು ಬೇಡ. ಗೆರೆ ದಾಟಿದವರು ವಾಪಸ್ ಓಟದ ದಾರಿಗೆ ಇಳಿದರೆ ಎದುರಿನಿಂದ ಬರುವವರಿಗೆ ತೊಂದರೆ. ಕೊನೆಯ ಕಿಲೋಮೀಟರಿನಲ್ಲಿ ಜನ ಕಣ್ಣು ಕತ್ತಲೆ ಬಂದ ಹಾಗೆ ಓಡುತ್ತಿರುತ್ತಾರೆ.

ಹಳೇ ಸ್ಪೈಕ್ಸ್

ನಿಯಮದಲ್ಲೂ ಸರಿಯಲ್ಲ. ಅದೇ ಓಟದಲ್ಲಿ ಭಾಗವಹಿಸದವರು ಪೇಸ್ ಕೊಡುವುದನ್ನು ವರ್ಲ್ಡ್ ಅಥ್ಲೆಟಿಕ್ಸ್ ನೆರವು ಅಂತಲೇ ಪರಿಗಣಿಸುತ್ತದೆ, ಅದಕ್ಕೆ ಅವಕಾಶವಿಲ್ಲ. ಮುಗಿಸಿದವನು ಇನ್ನು ಓಟದಲ್ಲಿಲ್ಲ. ಆಫೀಸಿನ ಊಟಕ್ಕೆ ಯಾರೂ ದೂರು ಕೊಡಲಿಕ್ಕಿಲ್ಲ ಅನ್ನಿ. ಆದರೂ ಫುಟ್‌ಪಾತ್ ಮೇಲೆ ನಿಂತು ಹೆಸರು ಹಿಡಿದು ಕೂಗಲಿ. ಅದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ. ಹೆಸರು ಹಿಡಿದು ಕೂಗಿದರೆ ಓಡುವವರ ಭುಜ ಹೇಗೆ ಎದ್ದು ನಿಲ್ಲುತ್ತದೆ ಅಂತ ನೋಡಿಯೇ ತಿಳಿಯಬೇಕು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಜೋರು ಇರುವ ಜೊತೆಗಾರರಿಂದ ಲಾಭ ಪಡೆಯುವ ಜಾಗ ಓಟದ ದಿನ ಅಲ್ಲ, ಅಭ್ಯಾಸದ ದಿನ. ನಿಮ್ಮ ಭಾನುವಾರದ ಪದ್ಧತಿ ಮಾತ್ರ ನನಗೆ ಹಿಡಿಸಲಿಲ್ಲ. ತಿರುವಿನಲ್ಲಿ ಕಾಯುವುದು, ನೀವು ಬಂದ ತಕ್ಷಣ ಹೊರಡುವುದು, ಇದರಿಂದ ಅವರಿಗೆ ತಡೆತಡೆದು ಓಟ, ನಿಮಗೆ ಉಸಿರುಗಟ್ಟುವ ಓಟ. ಇಬ್ಬರಿಗೂ ಬೇಕಾದದ್ದು ಸಿಗುವುದಿಲ್ಲ.

ಹೀಗೆ ಮಾಡಿ. ಎಲ್ಲರೂ ಒಂದೇ ಜಾಗದಿಂದ ಹೊರಡಿ, ಪ್ರತಿಯೊಬ್ಬರೂ ತಮ್ಮ ಆರಾಮದ ವೇಗದಲ್ಲಿ. ಸರಿಯಾಗಿ 20 ನಿಮಿಷಕ್ಕೆ ಎಲ್ಲಿದ್ದೀರೋ ಅಲ್ಲೇ ತಿರುಗಿ, ಅದೇ ವೇಗದಲ್ಲಿ ವಾಪಸ್ ಬನ್ನಿ. ಜೋರಿನವರು ಹೆಚ್ಚು ದೂರ ಹೋಗಿರುತ್ತಾರೆ, ನೀವು ಕಡಿಮೆ ದೂರ. 40ನೇ ನಿಮಿಷಕ್ಕೆ ನಾಲ್ವರೂ ಹೊರಟ ಜಾಗದಲ್ಲಿ ಸೇರುತ್ತೀರಿ. ಯಾರೂ ಯಾರಿಗೂ ಕಾಯುವುದಿಲ್ಲ. ವಾಪಸ್ ಬರುವಾಗ ಅವರು ಹಿಂದಿನಿಂದ ಹತ್ತಿರ ಬರುತ್ತಿರುವ ಶಬ್ದ ಕೇಳಿಸುತ್ತದೆ. ಆಗಲೂ ವೇಗ ಬದಲಿಸಬಾರದು. ಆರಾಮದ ವೇಗ ಹೌದೋ ಅಲ್ಲವೋ ಅಂತ ನೋಡಲು ಹದಿಮೂರರ ಮಗ್ಗಿ ಹೇಳಿಕೊಳ್ಳಿ. ಹದಿಮೂರೆಂಟ್ಲಿ ನೂರಾನಾಲ್ಕು ಅನ್ನುವಷ್ಟರಲ್ಲಿ ಉಸಿರು ತುಂಡಾದರೆ ಜೋರಾಯಿತು ಅಂತ ಅರ್ಥ.

ವಾರಕ್ಕೊಮ್ಮೆ ಗಟ್ಟಿ ಓಟ ಬೇಕು ಅಂದರೆ ಹ್ಯಾಂಡಿಕ್ಯಾಪ್ ಹಾಕಿ. ಆಸ್ಟ್ರೇಲಿಯಾದಲ್ಲಿ ಸ್ಟಾವೆಲ್ ಗಿಫ್ಟ್ ಅನ್ನುವ ಓಟ 1878ರಿಂದ ಇದೇ ಪದ್ಧತಿಯಲ್ಲಿ ನಡೆಯುತ್ತಿದೆ. ಅದು 120 ಮೀಟರಿನದು, ಅಲ್ಲಿ ನಿಧಾನದವರಿಗೆ ಮೀಟರ್ ಲೆಕ್ಕದಲ್ಲಿ ಮುಂದೆ ಜಾಗ ಕೊಡುತ್ತಾರೆ. ನೀವು ಸಮಯ ಕೊಡಿ. ನಿಮ್ಮ ಸಮಯಗಳ ಅರ್ಧ ಹಿಡಿದು 5 ಕಿಲೋಮೀಟರಿಗೆ ಲೆಕ್ಕ ಹಾಕಿದರೆ, ನೀವು ಮೊದಲು ಹೊರಡಬೇಕು. 52ರವರು 7 ನಿಮಿಷ ಬಿಟ್ಟು, 49ರವರು ಎಂಟೂವರೆ ನಿಮಿಷ ಬಿಟ್ಟು, 46ರವರು 10 ನಿಮಿಷ ಬಿಟ್ಟು. ಲೆಕ್ಕ ಸರಿಯಿದ್ದರೆ ಕೊನೆಯ 200 ಮೀಟರಿನಲ್ಲಿ ನಾಲ್ವರೂ ಒಟ್ಟಿಗೆ ಇರುತ್ತೀರಿ. ಆಗ ನೋಡಿ, ಜೊತೆಗೆ ಓಡುವುದು ಅಂದರೆ ಏನು ಅಂತ. ಅವರಿಗೆ ನಿಮ್ಮನ್ನು ಹಿಡಿಯಬೇಕು, ನಿಮಗೆ ಸಿಗಬಾರದು.

ಪಣಂಬೂರು ಅಲೆ

ಇದು ಲಾಯ್ಕುಂಟು. ನಮ್ಮ ಬೀಚಿನಲ್ಲಿ ಮಾಡಿ ನೋಡುವ. ಇಲ್ಲಿಯ ಸೆಕೆಗೆ ಬೆವರು ಇಳಿಯುತ್ತದೆ, ಆರುವುದೇ ಇಲ್ಲ. ಬೆಂಗಳೂರಿನವರು ಬಂದರೆ 46 ನಿಮಿಷದವರಿಗೂ ಎರಡು ನಿಮಿಷ ರಿಯಾಯಿತಿ ಕೊಡಬೇಕಾದೀತು.

ಟೋಕಿಯೊದಲ್ಲಿ ಒಬ್ಬ

ಇಲ್ಲಿ ಜಪಾನಿನಲ್ಲಿ ಹೊಸ ವರ್ಷದ 2 ಮತ್ತು 3ನೇ ತಾರೀಖು ಹಕೋನೆ ಎಕಿಡೆನ್ ನಡೆಯುತ್ತದೆ. ಕಾಲೇಜು ತಂಡಗಳ ರಿಲೇ. ಟೋಕಿಯೊದಿಂದ ಹಕೋನೆ ಬೆಟ್ಟಕ್ಕೆ ಹೋಗಿ ವಾಪಸ್, ಸುಮಾರು 217 ಕಿಲೋಮೀಟರು. ತಂಡಕ್ಕೆ ಹತ್ತು ಜನ, ಒಬ್ಬೊಬ್ಬರಿಗೆ ಅರ್ಧ ಮ್ಯಾರಥಾನಿನಷ್ಟು. ಬ್ಯಾಟನ್ ಬದಲು ತಸುಕಿ ಅನ್ನುವ ಬಟ್ಟೆಯ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಓಡಿ ಮುಂದಿನವರಿಗೆ ಕೊಡುತ್ತಾರೆ. ಎರಡೂ ದಿನ ದೇಶವೇ ಟಿವಿ ಮುಂದೆ ಕೂತಿರುತ್ತದೆ.

ಅಲ್ಲೂ ಹತ್ತು ಜನರ ಸಮಯ ಕೂಡಿ ತಂಡದ್ದಾಗುತ್ತದೆ. ಯಾರೂ ಯಾರ ಪಕ್ಕದಲ್ಲೂ ಓಡುವುದಿಲ್ಲ. ತುಂಬಾ ಹಿಂದೆ ಬಿದ್ದ ತಂಡದ ಮುಂದಿನ ಓಟಗಾರನನ್ನು, ತಸುಕಿ ಬರುವ ಮುಂಚೆಯೇ, ಬೇರೆ ಪಟ್ಟಿ ಕೊಟ್ಟು ಕಳಿಸಿಬಿಡುತ್ತಾರೆ. ಒಬ್ಬ ಹುಡುಗ ಕೊನೆಯ ತಿರುವಿನಲ್ಲಿ ಕಾಣಿಸಿಕೊಂಡಿರುತ್ತಾನೆ, ಹೆಗಲಿನ ಪಟ್ಟಿ ತೆಗೆದು ಕೈಯಲ್ಲಿ ಸುತ್ತಿಕೊಂಡು ಓಡುತ್ತಿರುತ್ತಾನೆ. ಅಷ್ಟರಲ್ಲಿ ಅವನ ಜೊತೆಗಾರ ಹೊರಟಾಗಿರುತ್ತದೆ. ನೋಡಲು ಆಗುವುದಿಲ್ಲ. 66 ನಿಮಿಷ ಓಡಿ ಊಟಕ್ಕೆ ಹೋಗುವ ನಮ್ಮ ಕಷ್ಟ ಅದರ ಮುಂದೆ ಏನೂ ಅಲ್ಲ ಮೇಡಂ.

ಅಂಕಿ ಅಂಶ

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ಬೈಯಬೇಡಿ. ಇದೇ ವರ್ಲ್ಡ್ 10ಕೆಯಲ್ಲಿ 2022ರಲ್ಲಿ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿಗೆ ಮುಗಿಸಿದರು. ಅವರು ಗೆರೆ ದಾಟುವ ಹೊತ್ತಿಗೆ ನಿಮ್ಮ 46 ನಿಮಿಷದ ಗಟ್ಟಿ ಓಟಗಾರರು ಆರನೇ ಕಿಲೋಮೀಟರಿನಲ್ಲಿ ಇರುತ್ತಾರೆ. ನೀವು ನಾಲ್ಕು ದಾಟಿರುತ್ತೀರಿ. ಇದನ್ನು 46ರವರಿಗೆ ತೋರಿಸಿ.

ಮಲ್ಲೇಶ್ವರದ ಮುಂಜಾವು

ಎಲ್ಲರಿಗೂ ಥ್ಯಾಂಕ್ಸ್. ನನ್ನ ಪಾಡಿಗೆ ಓಡುವುದು ಅಂತ ತೀರ್ಮಾನಿಸಿದೆ. ಸ್ಪೈಕ್ಸ್ ಸರ್, ಮೊದಲ ಕಿಲೋಮೀಟರುಗಳು ಎಷ್ಟರಲ್ಲಿ ಓಡಲಿ? ಇನ್ನೊಂದು ಕಷ್ಟ ಇದೆ. 52ರವರಿಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ? ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

ಹಳೇ ಸ್ಪೈಕ್ಸ್

ಮೊದಲ ಎರಡು 6:45. ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ಆಮೇಲಿನ ಆರು 6:36. ಕೊನೆಯ ಎರಡು ಆದರೆ 6:25. ಒಟ್ಟು 65:56. ಏರಿನಲ್ಲಿ ಗಡಿಯಾರ ನೋಡಬೇಡಿ. ಏಳರ ನಂತರ ಮುಂದೆ ಒಬ್ಬರ ಟಿ-ಶರ್ಟ್ ಗುರುತು ಮಾಡಿಕೊಳ್ಳಿ, ಅವರನ್ನು ದಾಟಿ. ಆಮೇಲೆ ಇನ್ನೊಂದು ಟಿ-ಶರ್ಟ್.

ಎರಡನೇ ಗೇರ್

52ರವರಿಗೆ ಹೇಳುವುದು ನಾನು ಹೇಳಿಕೊಡುತ್ತೇನೆ, ನನಗೆ ಯಾರಾದರೂ ಹೀಗೆ ಹೇಳಿದರೆ ಖುಷಿಯಾಗುತ್ತಿತ್ತು. ಸುತ್ತಿ ಬಳಸಿ ಹೇಳಬೇಡಿ. ನನ್ನಿಂದ ನಿಮಗೆ ತೊಂದರೆ ಅಂತ ಶುರು ಮಾಡಿದರೆ ಅವರು "ಛೇ ಛೇ, ತೊಂದರೆ ಏನಿಲ್ಲ" ಅಂತ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ. ನೇರವಾಗಿ ಅವರ ಸಮಯ ಕೇಳಿ. "ನೀವು 51 ಓಡಿದರೆ ನಮಗೆ ಊಟ ಸಿಗುತ್ತೆ, ನನ್ನ ಜೊತೆ ಬಂದರೆ ಸಿಗಲ್ಲ. ಮುಗಿಸಿ ಬಂದು ಕೊನೆಯ ತಿರುವಿನಲ್ಲಿ ನಿಂತು ಕೂಗಿ" ಅನ್ನಿ. ಅವರಿಗೂ ಮಾಡಲು ಒಂದು ಕೆಲಸ ಸಿಕ್ಕಿತು.

ಬಾವುಟ ಹಿಡಿದವ

ಎಲ್ಲಿ ಸೇರುವುದು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಓಟ ಮುಗಿದ ಮೇಲೆ ಆ ಜನಜಂಗುಳಿಯಲ್ಲಿ ಫೋನ್ ಸಿಗುವುದು ಕಷ್ಟ. ಮೊದಲು ಬಂದವರು ಬೆವರಿನ ಬಟ್ಟೆಯಲ್ಲೇ ಇಪ್ಪತ್ತು ನಿಮಿಷ ನಿಂತರೆ ಕಾಲು ಹಿಡಿದುಕೊಳ್ಳುತ್ತದೆ, ಓಡಾಡುತ್ತಿರಲಿ.

ಮಲ್ಲೇಶ್ವರದ ಮುಂಜಾವು

ಗುಂಪಿನಲ್ಲಿ ಮೆಸೇಜ್ ಹಾಕಿದೆ, ಗೇರ್ ಅವರು ಹೇಳಿದ ಹಾಗೇ. 52ರವರ ಉತ್ತರ ಬಂತು: "ಸರಿ ಮೇಡಂ, 51 ಅಲ್ಲ, 50 ನೋಡೋಣ." ಅವರೂ ಇದಕ್ಕೇ ಕಾಯುತ್ತಿದ್ದರು ಅನ್ನಿಸಿತು! ಹ್ಯಾಂಡಿಕ್ಯಾಪ್ ಓಟ ಬರುವ ಭಾನುವಾರ ಅಂತ ಆಗಿದೆ. ಕಿಮೆಲಿ ಲೆಕ್ಕವನ್ನೂ ಹಾಕಿದೆ. 46ರವರು ನೋಡಿದ್ದಾರೆ, ಉತ್ತರ ಬಂದಿಲ್ಲ.

ಉಣಕಲ್ ದಂಡೆ

ಅವರಿಗೆ ಹತ್ತು ನಿಮಿಷ ಅಲ್ಲ, ಹತ್ತೂವರೆ ಕಾಯಿಸ್ರಿ.

ಹಳೇ ಸ್ಪೈಕ್ಸ್

ಹತ್ತೇ ಸಾಕು. ಮೊದಲ ಸಲ ಲೆಕ್ಕ ಸರಿ ಬರಲಿ. ಮತ್ತೆ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಮಕ್ಕಳು, ನಾಯಿಗಳು ಎಲ್ಲಾ ಜಾಸ್ತಿ. ಬೆಳಕಾದ ತಕ್ಷಣ ಹೊರಡಿ, ಕೊನೆಯ 200 ಮೀಟರಿಗೆ ಅಗಲ ಇರುವ ರಸ್ತೆ ಆರಿಸಿಕೊಳ್ಳಿ. ನಾಲ್ವರು ಒಟ್ಟಿಗೆ ಬಂದರೆ ಜಾಗ ಬೇಕಾಗುತ್ತದೆ.